ಹೇಳಿದ್ದನ್ನು ಕೇಳಿಸಿಕೊಳ್ಳಲೂ ಬರಬೇಕು

ಕೆಲಸ ಗೊತ್ತಿದ್ದರೆ ಸಾಕು, ಮಾತುಕತೆಯೆಲ್ಲ ಆಮೇಲೆ ಎಂದು ಬರೆದಿದ್ದೀರಿ. ಒಪ್ಪುವುದು ಕಷ್ಟ. 1978ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಏರ್‌ಲೈನ್ಸ್ ವಿಮಾನವೊಂದು ಇಂಧನ ಮುಗಿದು ಬಿತ್ತು. 10 ಜನ ಸತ್ತರು. ಕ್ಯಾಪ್ಟನ್ ಒಳ್ಳೆ ಅನುಭವಿ, ಆದರೆ ಚಕ್ರದ ತೊಂದರೆಯಲ್ಲೇ ಮುಳುಗಿದ್ದರು. ಇಂಧನ ಕಡಿಮೆ ಆಗುತ್ತಿದೆ ಅಂತ ಜೊತೆಯವರು ಹೇಳಿದ್ದರು, ಗಟ್ಟಿಯಾಗಿ ಅಲ್ಲ ಅಷ್ಟೇ. ಆಮೇಲೆ ಪೈಲಟ್‌ಗಳಿಗೆ ಹೇಳುವ, ಕೇಳಿಸಿಕೊಳ್ಳುವ ತರಬೇತಿಯೇ ಶುರುವಾಯಿತು.

ಅಷ್ಟು ದೂರ ಯಾಕೆ, ನನ್ನದೇ ಕಥೆ ಇದೆ. ನಮ್ಮ ವರ್ಕ್‌ಶಾಪಿನ ಟ್ರೈನಿ ಹುಡುಗ ಲೇತ್ ಯಂತ್ರದ ಮುಂದೆ ನಿಂತು, "ಸರ್, ಸೌಂಡ್ ಯಾಕೋ ಬೇರೆ ಥರ ಇದೆ" ಅಂದ. "ಸುಮ್ನೆ ಕೆಲಸ ನೋಡೋ" ಅಂದೆ. ಮಧ್ಯಾಹ್ನದೊಳಗೆ ಯಂತ್ರದ ಬೇರಿಂಗ್ ಕೆಟ್ಟುಹೋಗಿತ್ತು. ಈಗಲೂ ಅವನು ನನಗೆ ಏನಾದರೂ ಹೇಳುವ ಮುಂಚೆ ಸ್ವಲ್ಪ ತಡೆಯುತ್ತಾನೆ.