ಬೇಕಾಗಿದ್ದಾರೆ: ಚೆನ್ನಾಗಿ ಅಳಲು ಬರುವವರು

ನಿನ್ನೆ ಭಾನುವಾರ ನಾಲ್ಕು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸೊಂಟ ಹಿಡಿಯಿತು. ಅದರ ಮೇಲೆ ಮಂಡೆಬಿಸಿ ಬೇರೆ. ಇಲ್ಲಿ ಇಳಿಸದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ. ಉದ್ದ ಉಂಟು, ಪುರುಸೊತ್ತು ಇದ್ದವರು ಓದಿ.

ನಮ್ಮ ನಾಯಿಮನೆಗೆ, ಅಂದರೆ ದಿಕ್ಕಿಲ್ಲದ ನಾಯಿಗಳನ್ನು ಇಟ್ಟುಕೊಳ್ಳುವ ಶೆಲ್ಟರಿಗೆ, ಮ್ಯಾನೇಜರ್ ಬೇಕು. ನನ್ನ ಕಥೆ ನಿಮಗೆ ಗೊತ್ತೇ ಉಂಟು. ಬ್ಯಾಂಕಿನ ಕೌಂಟರಿನಿಂದ ಎದ್ದು ಬಂದು ವರ್ಷ ಆಗಿರಲಿಲ್ಲ, "ಅಕ್ಕಾ, ನಿಮಗೆ ಲೆಕ್ಕ ಬರುತ್ತದಲ್ಲಾ" ಎಂದು ಖಜಾಂಚಿ ಮಾಡಿ ಕೂರಿಸಿದರು. ಬದಿಯಡ್ಕದಿಂದ ಸ್ವಲ್ಪ ಒಳಗೆ, ಗೇರುಗುಡ್ಡೆಯ ಬದಿಯಲ್ಲಿ ಮೂರು ಶೆಡ್ಡು, ಒಂದು ಬಾವಿ. ನಲವತ್ತು ನಾಯಿಗೆ ಅಂತ ಕಟ್ಟಿದ ಜಾಗದಲ್ಲಿ ಈಗ ಎಪ್ಪತ್ತೊಂದು ನಾಯಿ, ಹನ್ನೆರಡು ಬೆಕ್ಕು, ಕಾಲು ಮುರಿದ ಒಂದು ಕಾಸರಗೋಡು ಗಿಡ್ಡ ದನ. ದನ ಹೇಗೆ ಬಂತು ಎಂದು ಕೇಳಬೇಡಿ. ಅದು ಇನ್ನೊಂದು ಪೋಸ್ಟು.

ಜಾಹೀರಾತು ಬರೆದದ್ದು ಅಧ್ಯಕ್ಷರು. "ಪ್ರಾಣಿಪ್ರೀತಿ ಮತ್ತು ಸೇವಾ ಮನೋಭಾವ ಇರುವವರು ಬೇಕಾಗಿದ್ದಾರೆ. ಗೌರವಧನ ಕೊಡಲಾಗುವುದು." ಮುಗಿಯಿತು. ಕೆಲಸ ಎಂತದ್ದು, ಎಷ್ಟು ಗಂಟೆ, ರಜೆ ಉಂಟಾ, ಒಂದೂ ಇಲ್ಲ. ಗೌರವಧನ ಎಷ್ಟು ಗೊತ್ತಾ? ತಿಂಗಳಿಗೆ 12 ಸಾವಿರ. ಅಡಿಕೆಗೆ ಮದ್ದು ಬಿಡಲು ಬರುವವರ ಹತ್ತಿರ ಈ ಲೆಕ್ಕ ಹೇಳಿ ನೋಡಿ. ಮರದ ಮೇಲಿಂದಲೇ ನಗುತ್ತಾರೆ.

ಬಂದದ್ದು ಮೂವರು.

ಮೊದಲನೆಯವನು ಮಂಗಳೂರಿನ ಹುಡುಗ. ಫೋನ್ ತೆಗೆದು ರೀಲ್ಸ್ ತೋರಿಸಿದ. ಮಳೆಯಲ್ಲಿ ನಾಯಿಮರಿಗೆ ಕೊಡೆ ಹಿಡಿದದ್ದು, ಹಿಂದಿನಿಂದ ವೀಣೆ. ಹುಡುಗ ಕೆಟ್ಟವನಲ್ಲ. ಚಂದಾ ತಂದಾನು. ಮಲೆಯಾಳ ಓದಲು ಬರುತ್ತದಾ ಎಂದು ನಾನು ಕೇಳಿದೆ. ಬರುವುದಿಲ್ಲವಂತೆ. ಅಧ್ಯಕ್ಷರು ನನ್ನ ಮುಖ ನೋಡಿದರು, ಇದೆಂತ ಅಡ್ಡ ಪ್ರಶ್ನೆ ಅನ್ನುವ ಹಾಗೆ. ಅಲ್ಲ ಮಾಷ್ಟ್ರೇ, ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಮ್ಮ ಹಣೆಬರಹ ಇದೇ ಅಲ್ವಾ? ಮನೆಯಲ್ಲಿ ಆಡುವ ಮಾತು ಒಂದು, ಆಫೀಸಿನಿಂದ ಬರುವ ಕಾಗದ ಇನ್ನೊಂದು. ಕನ್ನಡದಲ್ಲಿ ಕೊಡಿ ಎಂದು ಕೇಳುವ ಹಕ್ಕು ಉಂಟು, ಇಲ್ಲ ಅನ್ನುವುದಿಲ್ಲ. ಕೇಳಿ, ಕಾದು, ಸಿಗುವಷ್ಟರಲ್ಲಿ ನೋಟೀಸಿನ ಕೊನೇ ದಿನ ಕಳೆದಿರುತ್ತದೆ.

ಎರಡನೆಯವರು ಐವತ್ತು ದಾಟಿದ ಹೆಂಗಸು. ಮನೆಯಲ್ಲಿ ಒಂಬತ್ತು ನಾಯಿ. "ಅವೇ ನನ್ನ ಮಕ್ಕಳು" ಎಂದು ಹೇಳಿ ಅತ್ತರು. ಸುಳ್ಳು ಅಳು ಅಲ್ಲ, ನಿಜವಾಗಿಯೂ ಅತ್ತರು. ಅಧ್ಯಕ್ಷರ ಕಣ್ಣು ಒದ್ದೆ ಆಯಿತು. ಕಾರ್ಯದರ್ಶಿ ಓಡಿ ಹೋಗಿ ನೀರು ತಂದರು. ಆಮೇಲೆ ಯಾರೂ ಏನೂ ಕೇಳಲಿಲ್ಲ. ಕೇಳಿದ್ದು ನಾನೊಬ್ಬಳೇ. ಎಪ್ಪತ್ತೊಂದು ನಾಯಿಗೆ ದಿನಕ್ಕೆ ಎಷ್ಟು ಅಕ್ಕಿ ಬೇಕಾದೀತು? "ಅದೆಲ್ಲ ದೇವರು ನಡೆಸುತ್ತಾನೆ ಅಕ್ಕಾ." ನಡೆಸುತ್ತಾನೆ, ಸರಿ. ಆದರೆ ಅಂಗಡಿಯವರು ಬಾಕಿಗೆ ಫೋನ್ ಮಾಡುವುದು ದೇವರಿಗಲ್ಲ, ನನಗೆ.

ಮೂರನೆಯವಳು ಉಪ್ಪಳ ಕಡೆಯವಳು. ಒಂಬತ್ತು ವರ್ಷ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಟೋರು, ಕೆಲಸದವರ ಪಾಳಿ ನೋಡಿಕೊಂಡವಳು. ಕನ್ನಡ, ತುಳು, ಮಲೆಯಾಳ ಮೂರೂ ಬರುತ್ತದೆ. ಅಧ್ಯಕ್ಷರು ಎಲ್ಲರಿಗೂ ಕೇಳಿದ್ದನ್ನೇ ಕೇಳಿದರು. "ನಿಮಗೆ ನಾಯಿ ಅಂದರೆ ಇಷ್ಟವಾ?"

"ಹೆದರಿಕೆ ಇಲ್ಲ ಸರ್" ಎಂದಳು. "ಮನೆಯಲ್ಲಿ ನಾಯಿ ಸಾಕಿಲ್ಲ. ಹಟ್ಟಿಯಲ್ಲಿ ಎರಡು ದನ ಉಂಟು."

ಎಲ್ಲರ ಮುಖ ಬಾಡಿತು. ಉಪ್ಪು ಹಾಕದ ಗಂಜಿ ಕುಡಿದ ಹಾಗೆ.

ಹುಡುಗಿ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಶನಿವಾರವೇ ಯಾರಿಗೂ ಹೇಳದೆ ಬಂದು ಶೆಡ್ಡು ನೋಡಿಕೊಂಡು ಹೋಗಿದ್ದಳಂತೆ. ನಮಗೇ ಪ್ರಶ್ನೆ ಹಾಕಿದಳು. ಇಲ್ಲಿ ಎಷ್ಟು ನಾಯಿಗೆ ಜಾಗ ಉಂಟು, ತುಂಬಿದ ಮೇಲೆ ಬೇಡ ಎಂದು ಹೇಳುವ ಅಧಿಕಾರ ಯಾರಿಗೆ? ಕೂಡು ತೊಳೆಯುವ ಇಬ್ಬರು ಹುಡುಗರಿಗೆ ರೇಬಿಸ್ ಲಸಿಕೆ ಮೊದಲೇ ಹಾಕಿಸಿದ್ದೀರಾ, ಕಚ್ಚಿದ ಮೇಲೆ ಹಾಕಿಸುವುದಲ್ಲ, ಮೊದಲೇ? ಆಮೇಲೆ ಸ್ವಲ್ಪ ತಡೆದು, "ಲಸಿಕೆ ಇಡುವ ಫ್ರಿಜ್ಜಿನಲ್ಲಿ ಬಂಗುಡೆ ಇತ್ತು ಸರ್."

ಸಭೆ ಗಪ್‌ಚಿಪ್.

ಇತ್ತು. ನನಗೂ ಗೊತ್ತಿತ್ತು. ಅಡಿಗೆಯ ಹೆಂಗಸು ಹುಡುಗರಿಗೆ ಸಾರು ಮಾಡಲು ತಂದದ್ದು, ಲಸಿಕೆಯ ಪೆಟ್ಟಿಗೆಗೆ ಒರಗಿಸಿ ಇಡುತ್ತಾಳೆ. ಲಸಿಕೆ 2ರಿಂದ 8 ಡಿಗ್ರಿಯ ಒಳಗೆ ಇರಬೇಕು. ಮೀನಿಗಾಗಿ ದಿನಕ್ಕೆ ಹತ್ತು ಸಲ ಬಾಗಿಲು ತೆಗೆದರೆ, ಮಳೆಗಾಲದಲ್ಲಿ ಆರಾರು ಗಂಟೆ ಕರೆಂಟು ಹೋದರೆ, ನಾವು ನಾಯಿಗೆ ಚುಚ್ಚುವುದು ಲಸಿಕೆಯಾ, ಬರೀ ನೀರಾ? ನಾನು ಇಷ್ಟು ದಿನ ಕೇಳಿದ್ದೇನಾ? ಇಲ್ಲ. ಫ್ರಿಜ್ಜಿನ ಬಿಲ್ಲು ಸರಿ ಉಂಟಾ ಎಂದು ಮಾತ್ರ ನೋಡಿದ್ದೇನೆ.

ಅವಳು ಹೊರಗೆ ಹೋದ ಮೇಲೆ ಅಧ್ಯಕ್ಷರ ತೀರ್ಪು ಕೇಳಿ. "ಕೆಲಸ ಬಲ್ಲವಳು, ಸರಿ. ಆದರೆ ಹೃದಯ ಕಾಣಲಿಲ್ಲ."

ಹೃದಯ! ಎಂತ, ಎಕ್ಸ್‌ರೇ ತೆಗೆಸಿ ತರಬೇಕಿತ್ತಾ?

ಇನ್ನು ನನ್ನ ಹೃದಯದ ಕಥೆ ಹೇಳುತ್ತೇನೆ. ಇದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ. ಎರಡು ವರ್ಷದ ಹಿಂದೆ, ಆಟಿ ತಿಂಗಳು, ಜಡಿಮಳೆ. ಬೆಳಿಗ್ಗೆ ಗೇಟಿನ ಹತ್ತಿರ ರಟ್ಟಿನ ಪೆಟ್ಟಿಗೆ. ಒಳಗೆ ಏಳು ಮರಿ, ಆರು ಹೆಣ್ಣು. ಗಂಡು ಮರಿಗಳನ್ನು ಯಾರೋ ಸಾಕಲು ಕೊಂಡುಹೋಗಿರುತ್ತಾರೆ, ಹೆಣ್ಣು ನಮ್ಮ ಗೇಟಿಗೆ. ಕೂಡು ತೊಳೆಯುವ ಹುಡುಗ ಹೇಳಿದ, "ಅಕ್ಕಾ, ಒಳಗೆ ಬೇಡ, ಒಂದು ವಾಂತಿ ಮಾಡುತ್ತಾ ಉಂಟು." ಮ್ಯಾನೇಜರ್ ಅಂತ ಇದ್ದವಳು ರಜೆ ಸಿಗದೆ ಜ್ವರದಲ್ಲಿ ಮಲಗಿದ್ದಳು. ಬೇಡ ಅನ್ನಬೇಕಾದದ್ದು ನಾನು. ಪೆಟ್ಟಿಗೆಯೊಳಗಿಂದ ಒಂದು ಮರಿ ನನ್ನ ಬೆರಳು ಚೀಪಿತು. ಪಾಪ ಅನ್ನಿಸಿತು. ಎರಡನೇ ಶೆಡ್ಡಿನಲ್ಲಿ, ಮೊದಲೇ ಇದ್ದ ಹನ್ನೊಂದು ಮರಿಗಳ ಪಕ್ಕದ ಕೂಡಿನಲ್ಲಿ ಇಡಿಸಿದೆ.

ಐದನೇ ದಿನ ಶೆಡ್ಡಿನ ಬಾಗಿಲು ತೆಗೆದಾಗ ಬಂದ ವಾಸನೆ ಈಗಲೂ ಮೂಗಿನಲ್ಲಿ ಉಂಟು. ರಕ್ತ ಭೇದಿ. ಪಾರ್ವೊ. ನಾವು ಶೆಡ್ಡಿಗೆ ಬಕೆಟ್ ಬಕೆಟ್ ಫಿನಾಯಿಲ್ ಸುರಿದೆವು. ಡಾಕ್ಟ್ರು ಬಂದು ತಲೆಗೆ ಕೈ ಇಟ್ಟರು. ಪಾರ್ವೊ ವೈರಸ್ಸಿಗೆ ಫಿನಾಯಿಲ್ ಏನೂ ಅಲ್ಲ, ಬ್ಲೀಚ್ ಬೇಕು, ಅದನ್ನು ಅಳತೆಯಲ್ಲಿ ನೀರಿಗೆ ಬೆರೆಸಿ ಹತ್ತು ನಿಮಿಷ ಬಿಡಬೇಕು, ಅದಕ್ಕೂ ಮೊದಲು ಹೇಲು ಪೂರ್ತಿ ತೆಗೆದಿರಬೇಕು. ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ ಕೂತಿರುತ್ತದೆ. ಹೊಸದಾಗಿ ಬಂದದ್ದನ್ನು ಎರಡು ವಾರವಾದರೂ ಬೇರೆ ಇಡಬೇಕು. ಇದೆಲ್ಲ ನನಗೆ ಗೊತ್ತಾದದ್ದು ಹದಿನಾರು ಮರಿ ಗೇರುಗುಡ್ಡೆಯ ಮಣ್ಣಿಗೆ ಹೋದ ಮೇಲೆ. ಪ್ರೀತಿ ನನ್ನ ಹತ್ತಿರ ಧಾರಾಳ ಇತ್ತು ಮಾರಾಯ್ರೇ. ಬೇಕಾಗಿದ್ದದ್ದು ಒಂದು ಖಾಲಿ ಕೂಡು, ಒಂದು ಬಾಟಲಿ ಬ್ಲೀಚು, ಬೇಡ ಎಂದು ಹೇಳುವ ಒಂದು ಬಾಯಿ.

ಜ್ವರದಲ್ಲಿ ಮಲಗಿದ್ದವಳು ಅಂದೆನಲ್ಲ, ಅವಳನ್ನು ಆರಿಸಿದಾಗಲೂ ಇದೇ ಆಗಿತ್ತು. ಅವಳೂ ಇಂಟರ್ವ್ಯೂನಲ್ಲಿ ಅತ್ತಿದ್ದಳು. ಮೊದಲು ಕೈ ಎತ್ತಿದ್ದು ನಾನೇ. ಎಂಟು ತಿಂಗಳಲ್ಲಿ ಬಿಟ್ಟು ಹೋದಳು. ಅಡಿಗೆ, ಮದ್ದು, ಲೆಕ್ಕ, ಪಕ್ಕದ ತೋಟದವರ ಜಗಳ, ರಾತ್ರಿ ಎರಡು ಗಂಟೆಗೆ ಬರುವ ಫೋನು, ಎಲ್ಲ ಅವಳೊಬ್ಬಳ ತಲೆಗೆ. ತಲಪಾಡಿಯಿಂದ ಈಚೆ ಹೈವೇ ಆರು ಪಥ ಆದ ಮೇಲಂತೂ ಗಾಡಿ ಗುದ್ದಿದ ನಾಯಿಗಳ ಫೋನೇ ಜಾಸ್ತಿ. ವಾರಕ್ಕೆ ಒಂದು ದಿನ ರಜೆ ಕೊಡೋಣ ಎಂದಾಗ ಸಭೆಯಲ್ಲಿ ಬಂದ ಉತ್ತರ, "ನಾಯಿಗೆ ಭಾನುವಾರ ಇಲ್ಲವಲ್ಲ." ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಹೋದ ಮೇಲೆ ಮೇಜಿನ ಡ್ರಾಯರ್ ತೆಗೆದರೆ ಹಳೇ ಬೆಲ್ಟುಗಳ ಅಡಿಯಲ್ಲಿ ನಮ್ಮ 80ಜಿ ಕಾಗದ. ಅದನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅವಧಿ ಮುಗಿಯುವ ಆರು ತಿಂಗಳ ಮೊದಲೇ ಅರ್ಜಿ ಹಾಕಬೇಕು. ಅದು ಹೋದರೆ ದಾನಿಗಳಿಗೆ ತೆರಿಗೆ ರಿಯಾಯಿತಿ ಇಲ್ಲ. ರಿಯಾಯಿತಿ ಇಲ್ಲದಿದ್ದರೆ ಕೆಲವರ ಪ್ರಾಣಿಪ್ರೀತಿ ಎಷ್ಟು ಬೇಗ ಆರುತ್ತದೆ ಎಂದು ಖಜಾಂಚಿಗೆ ಮಾತ್ರ ಗೊತ್ತು.

ಪ್ರೀತಿಗೆ ನಮ್ಮಲ್ಲಿ ಯಾವತ್ತೂ ಬರಗಾಲ ಇರಲಿಲ್ಲ. ಅನಂತಪುರದ ಕೆರೆಯ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಒಂದು ಮೊಸಳೆಯ ಕೊನೆಯ ದರ್ಶನಕ್ಕೆ ಎಷ್ಟು ಜನ ಸೇರಿದ್ದರು! ನಾನೂ ಹೋಗಿದ್ದೆ, ಕಣ್ಣೊರೆಸಿಕೊಂಡು ಬಂದೆ. ಅದೇ ಊರಿನವರಲ್ವಾ ನಮ್ಮ ಗೇಟಿಗೆ ರಟ್ಟಿನ ಪೆಟ್ಟಿಗೆ ತಂದಿಡುವುದು?

ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರನ್ನೇ ನೋಡಿ. ಕೇರಳದಲ್ಲಿ ಬೀದಿನಾಯಿಗಳಿಗೆ ಮರಿ ಆಗದ ಹಾಗೆ ಮಾಡುವ ಆಪರೇಷನ್ ಕೆಲಸವನ್ನು ಎಷ್ಟೋ ಕಡೆ ಅವರೇ ಹೊತ್ತಿದ್ದರು. 2021ರಲ್ಲಿ ಹೈಕೋರ್ಟ್ ನಿಲ್ಲಿಸಿತು. ಕಾರಣ, ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇರಲಿಲ್ಲ. ನಾಯಿ ಮೇಲೆ ಪ್ರೀತಿ ಸಾಲದು ಅಂತ ಯಾರೂ ಹೇಳಲಿಲ್ಲ. ಕಾಗದ ಇಲ್ಲ, ಅದಕ್ಕೇ ನಿಂತಿತು. ಆಪರೇಷನ್ ನಿಂತಷ್ಟು ದಿನ ನಾಯಿಗಳು ಕಾಯುತ್ತವಾ? ಗರ್ಭ ಕಟ್ಟಿದ ಅರವತ್ತಮೂರು ದಿನಕ್ಕೆ ಮರಿ ಹಾಕುತ್ತವೆ.

ಈಗ ಕಾನೂನು ಇನ್ನೂ ಗೋಜಲು. 2023ರ ನಿಯಮದ ಪ್ರಕಾರ ಆಪರೇಷನ್, ಲಸಿಕೆ ಆದ ಬೀದಿನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು. 2025ರ ನವೆಂಬರ್ 7ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ ಶಾಲೆ, ಆಸ್ಪತ್ರೆ, ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನಿನಿಂದ ಹಿಡಿದದ್ದನ್ನು ಅಲ್ಲಿಗೆ ವಾಪಸ್ ಬಿಡಬಾರದು, ಶೆಲ್ಟರಿನಲ್ಲಿ ಇಡಬೇಕು. ರಸ್ತೆಯ ನಾಯಿಗೆ ಒಂದು, ಶಾಲೆ ಅಂಗಳದ ನಾಯಿಗೆ ಇನ್ನೊಂದು. ಯಾವ ನಾಯಿ ಎಲ್ಲಿಂದ ಬಂತು ಎಂದು ಪುಸ್ತಕದಲ್ಲಿ ಬರೆಯದಿದ್ದರೆ ಬಿಟ್ಟರೂ ತಪ್ಪು, ಇಟ್ಟರೂ ತಪ್ಪು. ನಮ್ಮ ಪುಸ್ತಕದಲ್ಲಿ ಏನು ಬರೆದಿದ್ದಾರೆ ಗೊತ್ತಾ? "ಕಂದು ನಾಯಿ. ಪಾಪದ್ದು."

ನನಗೆ ಉತ್ತರ ಕೊಡಲು ಕೆಲವರು ಈಗಲೇ ಟೈಪ್ ಮಾಡುತ್ತಾ ಇರಬಹುದು. ಪ್ರೀತಿ ಇಲ್ಲದೆ ಬರೀ ಸಂಬಳಕ್ಕೆ ಬಂದವಳು ಐದು ಗಂಟೆಗೆ ಬೀಗ ಹಾಕಿ ಹೋಗುತ್ತಾಳೆ, ನಾಯಿ ಸತ್ತರೂ ರಿಜಿಸ್ಟರಿನಲ್ಲಿ ಬರೆದು ಸುಮ್ನೆ ಕೂರುತ್ತಾಳೆ ಅಂತ. ಇರಬಹುದು. ಅಂಥವರನ್ನೂ ನೋಡಿದ್ದೇನೆ, ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನಲ್ಲೇ ಇದ್ದರು. ಆದರೆ ಒಂದು ಮಾತು. ಹಟ್ಟಿಯ ದನಕ್ಕೆ ಹೊತ್ತಿಗೆ ಸರಿಯಾಗಿ ಹುಲ್ಲು ಹಾಕುವವರೆಲ್ಲ ದನದ ಕೊರಳು ತಬ್ಬಿ ಅಳುತ್ತಾರಾ? ನಮ್ಮ ಅಮ್ಮ ಒಂದು ದಿನ ಅತ್ತವಳಲ್ಲ. ದನ ಕರು ಹಾಕುವ ರಾತ್ರಿ ಹಟ್ಟಿಯಲ್ಲೇ ಚಾಪೆ ಹಾಸಿ ಮಲಗುತ್ತಿದ್ದಳು. ಬೆಳಿಗ್ಗೆ ಎದ್ದು ಅದಕ್ಕೇ ಬೈಯುತ್ತಿದ್ದಳು.

ಸಭೆಯಲ್ಲಿ ಒಬ್ಬರು ರುಕ್ಮಿಣಿ ದೇವಿ ಅರುಂಡೇಲ್ ಹೆಸರು ತೆಗೆದರು. "ಅವರು ನೃತ್ಯ ಕಲಾವಿದೆ, ಮೃದು ಮನಸ್ಸು, ಅದಕ್ಕೇ ಪ್ರಾಣಿಗಳಿಗಾಗಿ ಅಷ್ಟು ಮಾಡಿದರು" ಅಂತ. ಒಳ್ಳೆಯ ಉದಾಹರಣೆ, ಥ್ಯಾಂಕ್ಸ್. ಮೃದು ಮನಸ್ಸಿನ ಆ ಕಲಾವಿದೆ ಮಾಡಿದ್ದೇನು? ರಾಜ್ಯಸಭೆಗೆ ಹೋಗಿ ಖಾಸಗಿ ಮಸೂದೆ ಮಂಡಿಸಿದರು. 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು, 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಬಂತು, ಅದರ ಮೊದಲ ಅಧ್ಯಕ್ಷೆ ಅವರೇ. ಕಲಂ, ಉಪಕಲಂ ಎಂದು ವರ್ಷಗಟ್ಟಲೆ ಕೂತವರು. ಈಗ ನಮ್ಮ ಇಂಟರ್ವ್ಯೂಗೆ ಬಂದಿದ್ದರೆ ಅವರಿಗೂ "ಕಾಗದ ಕಾಗದ ಅನ್ನುತ್ತಾರೆ, ಹೃದಯ ಕಾಣಲಿಲ್ಲ" ಅನ್ನುತ್ತಿದ್ದರು.

ವೋಟು ಹಾಕಲಿಲ್ಲ, ನಾನು ಬಿಡಲಿಲ್ಲ. ಗುರುವಾರ ಮತ್ತೆ ಸಭೆ. ಆ ಅಳುವ ಹೆಂಗಸಿಗೆ ಕೆಲಸ ಕೊಡಬೇಡಿ ಎಂದು ನಾನು ಹೇಳುತ್ತಿಲ್ಲ. ಮರಿಗಳ ಶೆಡ್ಡಿಗೆ ಅವರಷ್ಟು ಒಳ್ಳೆಯವರು ಸಿಗಲಿಕ್ಕಿಲ್ಲ, ಸಂಬಳ ಕೊಟ್ಟೇ ಇಟ್ಟುಕೊಳ್ಳೋಣ. ಬೀಗದ ಕೈ, ಚೆಕ್ ಪುಸ್ತಕ, ಬೇಡ ಎಂದು ಹೇಳುವ ಅಧಿಕಾರ ಉಪ್ಪಳದವಳ ಕೈಗೆ. 12 ಸಾವಿರಕ್ಕೆ ಅವಳು ಬರುವುದಿಲ್ಲ, ಬರಲೂಬಾರದು. ಕಳೆದ ಸಲ ವಾರ್ಷಿಕೋತ್ಸವದ ಶಾಮಿಯಾನ, ಶಾಲು, ಹಾರಕ್ಕೆ ಖರ್ಚು ಮಾಡಿದ್ದರ ಲೆಕ್ಕ ನನ್ನ ಹತ್ತಿರ ಉಂಟು, ಗುರುವಾರ ತೆಗೆದುಕೊಂಡು ಹೋಗುತ್ತೇನೆ. ಅಧ್ಯಕ್ಷರು ಇದನ್ನು ಓದುತ್ತಾರೆ ಅಂತ ಗೊತ್ತು. ಓದಲಿ.

ಇವತ್ತು ಮಧ್ಯಾಹ್ನ ಆ ಹುಡುಗಿ ಫೋನ್ ಮಾಡಿದಳು. ಕೆಲಸ ಸಿಕ್ಕಿತಾ ಎಂದು ಕೇಳುತ್ತಾಳೆ ಅಂದುಕೊಂಡೆ.

"ಅಕ್ಕಾ, ಫ್ರಿಜ್ಜಿನಿಂದ ಆ ಬಂಗುಡೆ ತೆಗೆಸಿದಿರಾ?"

ಬೆಳಿಗ್ಗೆಯೇ ಹೋಗಿ ನೋಡಿದ್ದೆ. ಬಂಗುಡೆ ಇರಲಿಲ್ಲ. ಬೂತಾಯಿ ಇತ್ತು.