ದುಡಿದಿದ್ದನ್ನು ದುಡಿದರೆಂದು ಬರೆದುಕೊಡಲು ಇಷ್ಟು ಜಿಪುಣತನವೇಕೆ?

ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಎಚ್‌.ಆರ್. ವಿಭಾಗದಿಂದ ಈಗಷ್ಟೇ ಕೋಲಾರಕ್ಕೆ ವಾಪಸಾಗಿದ್ದೇನೆ. ಕಾಫಿ ಕುಡಿದರೂ ಸಿಟ್ಟು ಇಳಿದಿಲ್ಲವಾದ್ದರಿಂದ ಈ ಬರಹ ಉದ್ದವಾಗುತ್ತದೆ. ಪುರಸೊತ್ತಿಲ್ಲದವರು ಇಲ್ಲಿಗೇ ಬಿಟ್ಟರೂ ನನಗೆ ಬೇಸರವಿಲ್ಲ. ಕಾರ್ಖಾನೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಅದು ಒಬ್ಬರ ಮೇಲಿನ ದೂರಾಗುತ್ತದೆ. ನನ್ನ ತಕರಾರು ಇರುವುದು ಒಂದು ಅಭ್ಯಾಸದ ಮೇಲೆ.

ನನ್ನ ತಮ್ಮನ ಮಗಳು ಕುಶಲ ಕೆಲಸಗಾರರ ವಿಭಾಗದಲ್ಲಿ ಕೆನಡಾದ ಪಿ.ಆರ್.ಗೆ, ಅಂದರೆ ಕಾಯಂ ನಿವಾಸಕ್ಕೆ, ಅರ್ಜಿ ಹಾಕುತ್ತಿರುವುದು ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿದೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವಳು, ಆ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ನಾಲ್ಕು ವರ್ಷ ದುಡಿದು, ಎರಡು ವರ್ಷದಿಂದ ಮಾಲೂರಿನಲ್ಲಿ ಬೇರೊಂದು ಕಡೆ ಕೆಲಸದಲ್ಲಿದ್ದಾಳೆ. ಹಳೆಯ ಕಾರ್ಖಾನೆಯವರು ಕೊಟ್ಟ ಅನುಭವ ಪತ್ರದಲ್ಲಿ ಇರುವುದಿಷ್ಟು: ಇವರು ಇಂಥ ದಿನದಿಂದ ಇಂಥ ದಿನದವರೆಗೆ ನಮ್ಮ ಸಂಸ್ಥೆಯಲ್ಲಿ ಸೀನಿಯರ್ ಎಕ್ಸಿಕ್ಯೂಟಿವ್ ಆಗಿದ್ದರು, ಇವರ ನಡತೆ ತೃಪ್ತಿಕರವಾಗಿತ್ತು, ಇವರ ಮುಂದಿನ ಪ್ರಯತ್ನಗಳಿಗೆ ಶುಭ ಹಾರೈಸುತ್ತೇವೆ.

ಆಗಿದ್ದರು, ಸರಿ. ಆಗಿದ್ದು ಏನು ಮಾಡುತ್ತಿದ್ದರು? ಬೇರಿಂಗ್ ಕೂರುವ ರಂಧ್ರದ ಒಳವ್ಯಾಸ ಹತ್ತು ಮೈಕ್ರಾನ್ ಆಚೀಚೆಯಾದರೆ ಇಡೀ ಲಾಟನ್ನು ತಡೆದು ನಿಲ್ಲಿಸುವುದು ಈ ಹುಡುಗಿಯ ಕೆಲಸವಾಗಿತ್ತು. ಅಳತೆ ಮಾಡುವ ಸಿ.ಎಂ.ಎಂ. ಯಂತ್ರದ ಕೋಣೆಯನ್ನು 20 ಡಿಗ್ರಿಯಲ್ಲೇ ಇಡಬೇಕಾದ್ದರಿಂದ, ಕೋಲಾರದ ಏಪ್ರಿಲ್ ಬಿಸಿಲಿನಲ್ಲಿ ಅವಳು ಬ್ಯಾಗಿನಲ್ಲಿ ಸ್ವೆಟರ್ ಇಟ್ಟುಕೊಂಡು ಕಂಪನಿಯ ಬಸ್ಸು ಹತ್ತುವುದನ್ನು ನೋಡಿ ನಮ್ಮ ಬೀದಿಯವರು ನಗುತ್ತಿದ್ದರು. ಬಿಡಿಭಾಗ ಪೂರೈಸುವವರಲ್ಲಿಗೆ ಹೋಗಿ ತಪಾಸಣೆ ಮಾಡುವುದು, ಗ್ರಾಹಕರಿಂದ ದೂರು ಬಂದರೆ ತಪ್ಪಿನ ಮೂಲ ಹುಡುಕಿ ವರದಿ ಬರೆಯುವುದು, ಹೊಸ ಭಾಗಕ್ಕೆ ಮಂಜೂರಾತಿ ಸಿಗುವವರೆಗೆ ಕಡತ ಹಿಡಿದು ಓಡಾಡುವುದು, ಇವೆಲ್ಲವೂ ಅವಳ ಮೇಲಿದ್ದವು. ಇದರಲ್ಲಿ ಒಂದಾದರೂ ಆ ಪತ್ರದಲ್ಲಿಲ್ಲ. ಅವಳು ನಾಲ್ಕು ವರ್ಷ ಅಲ್ಲಿ ಒಳ್ಳೆಯ ನಡತೆಯಿಂದ ಕುಳಿತಿದ್ದಳು ಎಂದು ಬೇಕಾದರೂ ಅರ್ಥ ಮಾಡಿಕೊಳ್ಳಬಹುದು.

ಒಂದು ಪತ್ರಕ್ಕೆ ಇಷ್ಟು ರಂಪವೇಕೆ ಎನ್ನುವವರಿಗೆ ಈ ಅರ್ಜಿಯ ದಾರಿಯನ್ನು ಸ್ವಲ್ಪ ಹೇಳಬೇಕು. 2015ರ ಜನವರಿಯಿಂದ ಕೆನಡಾ ತನ್ನ ಕುಶಲ ಕೆಲಸಗಾರರನ್ನು ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಆರಿಸುತ್ತಿದೆ. ನಮ್ಮ ಪದವಿ ಅಲ್ಲಿಯ ಪದವಿಗೆ ಸಮವೆಂದು ಆ ಸರ್ಕಾರ ಗೊತ್ತುಮಾಡಿದ ಸಂಸ್ಥೆಯೊಂದು ಮೊದಲು ವರದಿ ಕೊಡಬೇಕು. ಅದು ಐದು ವರ್ಷ ಚಲಾವಣೆಯಲ್ಲಿರುತ್ತದೆ. ಆಮೇಲೆ ಭಾಷಾ ಪರೀಕ್ಷೆ. ಅದರ ಆಯುಷ್ಯ ಎರಡೇ ವರ್ಷ. ವಯಸ್ಸು, ಓದು, ಭಾಷೆ, ಅನುಭವ ಮುಂತಾದವುಗಳಿಗೆ 100ಕ್ಕೆ 67 ಅಂಕ ಬಂದರೆ ಈ ವಿಭಾಗಕ್ಕೆ ಅರ್ಹತೆ, ಅರ್ಹರಾದವರನ್ನೆಲ್ಲ ಒಂದು ಪಟ್ಟಿಗೆ ಸೇರಿಸಿ 1,200ಕ್ಕೆ ಇನ್ನೊಂದು ಲೆಕ್ಕದಲ್ಲಿ ಅಂಕ, ಆ ಅಂಕದಲ್ಲಿ ಮೇಲಿದ್ದವರಿಗೆ ಕಾಲಕಾಲಕ್ಕೆ ಅರ್ಜಿ ಹಾಕಲು ಆಹ್ವಾನ. ಆಹ್ವಾನ ಬಂದ ದಿನದಿಂದ 60 ದಿನದೊಳಗೆ ದಾಖಲೆಗಳ ಸಮೇತ ಪೂರ್ತಿ ಅರ್ಜಿ ಸಲ್ಲಿಸಬೇಕು. ಬಯೋಮೆಟ್ರಿಕ್, ಹಿನ್ನೆಲೆ ಪರಿಶೀಲನೆ, ಕೊನೆಯಲ್ಲಿ ಕಾಯಂ ನಿವಾಸದ ದೃಢೀಕರಣ, ಇವು ಆಮೇಲಿನ ಮಾತು. ವೈದ್ಯಕೀಯ ಪರೀಕ್ಷೆಯನ್ನು ಮಾತ್ರ 2025ರ ಆಗಸ್ಟ್ 21ರಿಂದ ಅರ್ಜಿಗೆ ಮುಂಚೆಯೇ ಮುಗಿಸಿರಬೇಕು.

ಇದರಲ್ಲಿ ಬಹುಪಾಲು ನಮ್ಮ ಶ್ರಮದಿಂದ ಆಗುವಂಥದ್ದು. ಕನ್ನಡ ಮಾಧ್ಯಮದಲ್ಲಿ ಓದಿದ ಈ ಹುಡುಗಿ ರಾತ್ರಿ ಪಾಳಿ ಮುಗಿಸಿ ಬಂದು ಅಭ್ಯಾಸ ಮಾಡಿ ಐ.ಇ.ಎಲ್.ಟಿ.ಎಸ್. ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಆಲಿಸುವುದಕ್ಕೆ 8, ಉಳಿದ ಮೂರಕ್ಕೂ 7 ತಂದುಕೊಂಡಳು. ಅಂಕಪಟ್ಟಿಯಲ್ಲಿ ಇನಿಷಿಯಲ್ಲು, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ಲನ್ನು ಬಿಡಿಸಿದ ಊರಿನ ಹೆಸರು ಮತ್ತು ಅಪ್ಪನ ಹೆಸರು ಇದ್ದುದರಿಂದ, ಇಬ್ಬರೂ ಒಬ್ಬಳೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿದ್ದೂ ಆಯಿತು. ಪೊಲೀಸ್ ಪ್ರಮಾಣಪತ್ರಕ್ಕೂ ದಾರಿಯಿದೆ, ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಹಣ ಕಟ್ಟಿದರೆ ಸಿಗುತ್ತದೆ. ಇನ್ನೊಬ್ಬರ ಮರ್ಜಿಗೆ ಬಿಟ್ಟಿರುವುದು ಈ ಪತ್ರವೊಂದೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ ಇರಬೇಕು.

ಕೆನಡಾದವರು ಆ ಪತ್ರದಲ್ಲಿ ಏನೇನಿರಬೇಕೆಂದು ಸ್ಪಷ್ಟವಾಗಿ ಬರೆದಿದ್ದಾರೆ. ಕಂಪನಿಯ ಲೆಟರ್‌ಹೆಡ್, ವಿಳಾಸ, ದೂರವಾಣಿ, ಇಮೇಲ್. ಮೇಲಧಿಕಾರಿಯ ಅಥವಾ ಸಿಬ್ಬಂದಿ ಅಧಿಕಾರಿಯ ಹೆಸರು, ಹುದ್ದೆ, ಸಹಿ. ಅರ್ಜಿದಾರರ ಹುದ್ದೆ, ಮಾಡಿದ ಕೆಲಸ ಮತ್ತು ಜವಾಬ್ದಾರಿಗಳು, ಸೇರಿದ ಮತ್ತು ಬಿಟ್ಟ ದಿನಾಂಕ, ವಾರಕ್ಕೆ ಎಷ್ಟು ಗಂಟೆ, ವರ್ಷದ ಸಂಬಳ ಮತ್ತು ಸವಲತ್ತು. ಹುದ್ದೆಯ ಹೆಸರಿಗೆ ಅವರು ಮರುಳಾಗುವುದಿಲ್ಲ. ಸೀನಿಯರ್ ಎಕ್ಸಿಕ್ಯೂಟಿವ್ ಎಂದರೆ ನಮ್ಮಲ್ಲಿ ಗುಣಮಟ್ಟ ನೋಡುವವರೂ ಹೌದು, ಸಿಮ್ ಮಾರುವವರೂ ಹೌದು. ಅವರ ಉದ್ಯೋಗ ವರ್ಗೀಕರಣದಲ್ಲಿ ಕೈಗಾರಿಕೆ ಮತ್ತು ಉತ್ಪಾದನಾ ಎಂಜಿನಿಯರುಗಳ ಸಂಕೇತ 21321. ಅದರ ಕೆಳಗೆ ಪಟ್ಟಿ ಮಾಡಿರುವ ಮುಖ್ಯ ಕೆಲಸಗಳಲ್ಲಿ ಸಾಕಷ್ಟನ್ನು ಈ ವ್ಯಕ್ತಿ ಮಾಡಿದ್ದಾರೆಯೇ ಎಂಬುದನ್ನು ಅಧಿಕಾರಿ ಪತ್ರ ಓದಿಯೇ ತೀರ್ಮಾನಿಸಬೇಕು. ಓದಲು ಏನಾದರೂ ಇದ್ದರೆ ತಾನೆ?

ಇನ್ನು 1,200ರ ಆ ಅಂಕದ ಲೆಕ್ಕ. ಇವಳ ಮಟ್ಟದ ಭಾಷಾ ಅಂಕದ ಜೊತೆಗೆ ಹೊರದೇಶದ ಅನುಭವ ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ 50 ಅಂಕ, ಒಂದೆರಡು ವರ್ಷವಾದರೆ 25 ಅಂಕ. ನರಸಾಪುರದ ನಾಲ್ಕು ವರ್ಷ ರುಜುವಾಗದಿದ್ದರೆ ಉಳಿಯುವುದು ಮಾಲೂರಿನ ಎರಡು ವರ್ಷ, ಅಲ್ಲಿಗೆ 25 ಅಂಕ ಖೋತಾ. ಒಂದೆರಡು ಅಂಕದಲ್ಲಿ ಸಾವಿರಾರು ಜನ ಹಿಂದೆ ಮುಂದಾಗುವ ಪಟ್ಟಿಯಲ್ಲಿ 25 ಎಂದರೆ ಏನೆಂದು ಸಿ.ಇ.ಟಿ. ಬರೆದ ಮಕ್ಕಳ ತಂದೆತಾಯಂದಿರಿಗೆ ಹೇಳಬೇಕಾಗಿಲ್ಲ. ಪತ್ರಕ್ಕಾಗಿ ಕಾಯುತ್ತ ಕೂತರೆ ಅದಕ್ಕೂ ದಂಡವಿದೆ: ಒಂಟಿ ಅರ್ಜಿದಾರರಿಗೆ 29ರವರೆಗೆ ವಯಸ್ಸಿಗೆ 110 ಅಂಕ, 31ಕ್ಕೆ 99, 32ಕ್ಕೆ 94. ಮುಂದಿನ ಹುಟ್ಟುಹಬ್ಬಕ್ಕೆ ಅವಳಿಗೆ 32. (ನಮ್ಮ ನೆಂಟರ ಕಳವಳ ಈ ವಯಸ್ಸಿನ ಬಗ್ಗೆ ಬೇರೆಯೇ ಇದೆ. ಮಧ್ಯದಲ್ಲಿ ಮದುವೆಯಾದರೆ ಅದನ್ನೂ ಕೆನಡಾಕ್ಕೆ ತಿಳಿಸಬೇಕು, ಗಂಡನ ದಾಖಲೆಗಳನ್ನೂ ಸೇರಿಸಬೇಕು ಎಂದು ಹೇಳಿದ ಮೇಲೆ ಅವರು ಸ್ವಲ್ಪ ತಣ್ಣಗಾಗಿದ್ದಾರೆ.)

ಇವತ್ತು ನನ್ನೆದುರು ಕುಳಿತಿದ್ದ ಹುಡುಗ ಒಳ್ಳೆಯವನೇ. ನೀರು ಕೊಟ್ಟ, ಸಾರ್ ಸಾರ್ ಎಂದ. “ನಮ್ಮ ಟೆಂಪ್ಲೇಟ್ ಇಷ್ಟೇ ಸಾರ್, ಹೆಡ್ ಆಫೀಸಿನಿಂದ ಬಂದಿರೋದು. ಕೆಲಸದ ವಿವರ ಬರೆಯೋಕೆ ಪಾಲಿಸಿ ಒಪ್ಪಲ್ಲ” ಎಂದ. ಯಾವ ಪಾಲಿಸಿ, ತೋರಿಸಪ್ಪ ಎಂದರೆ ಅದು ಗೋಪ್ಯವಂತೆ. ಹೋಗಲಿ, ವಾರಕ್ಕೆ ಎಷ್ಟು ಗಂಟೆ ಕೆಲಸವೆಂದಾದರೂ ಸೇರಿಸು, ಅಲ್ಲಿ ವಾರಕ್ಕೆ 30 ಗಂಟೆ ಇದ್ದರಷ್ಟೇ ಪೂರ್ಣಾವಧಿ ಎಂದು ಲೆಕ್ಕ ಎಂದೆ. ಅವನ ಮುಖ ಇನ್ನಷ್ಟು ಬಾಡಿತು. 30 ಗಂಟೆ ತೋರಿಸಲು ಅವರಿಗೇನೂ ಕಷ್ಟವಿಲ್ಲ. ಆದರೆ ಇದ್ದದ್ದು ಇದ್ದಂತೆ ಬರೆದರೆ ಕಾನೂನು ಹೇಳುವ ವಾರಕ್ಕೆ 48 ಗಂಟೆಯ ಮಿತಿಯ ಕಥೆ ಏನಾಗುತ್ತದೋ ಎಂಬುದು ಅವನ ಚಿಂತೆ ಇರಬೇಕೆಂದು ನನ್ನ ಗುಮಾನಿ. ಅವಳ ಹಳೆಯ ಮ್ಯಾನೇಜರ್ ಈಗ ಪುಣೆಯಲ್ಲಿದ್ದಾರೆ, ಎಷ್ಟು ಪುಟ ಬೇಕಾದರೂ ಬರೆದುಕೊಡಲು ಸಿದ್ಧರಿದ್ದಾರೆ. ಆದರೆ ಲೆಟರ್‌ಹೆಡ್ ಅವರ ಕೈಯಲ್ಲಿಲ್ಲ. ಅವರ ಪ್ರಮಾಣಪತ್ರ, ನೇಮಕಾತಿ ಆದೇಶ, ಸಂಬಳದ ಚೀಟಿ, ಫಾರಂ 16, ಪಿ.ಎಫ್. ಪಾಸ್‌ಬುಕ್ ಎಲ್ಲವನ್ನೂ ಒಂದು ವಿವರಣಾ ಪತ್ರದ ಜೊತೆ ಇಡಬಹುದು, ಒಪ್ಪುವುದು ಬಿಡುವುದು ಅಲ್ಲಿಯ ಅಧಿಕಾರಿಯ ವಿವೇಚನೆ. ಅದೇ ಈಗ ನಮಗಿರುವ ಎರಡನೆಯ ದಾರಿ.

ನಮ್ಮ ಎ.ಪಿ.ಎಂ.ಸಿ.ಗೆ ಬರುವ ಟೊಮೆಟೊಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆಯಿದೆ. 15 ಕೆ.ಜಿ.ಯ ಬಾಕ್ಸು ಎಷ್ಟು, ಯಾವ ದರಕ್ಕೆ ಹೋಯಿತು, ಯಾವ ಮಂಡಿ ಎಂದು ರೈತನ ಕೈಗೆ ಚೀಟಿ ಬರುತ್ತದೆ. ನಾಲ್ಕು ವರ್ಷ ಮೈಕ್ರಾನ್ ಲೆಕ್ಕದಲ್ಲಿ ದುಡಿದ ಎಂಜಿನಿಯರಿಗೆ ಸಿಗುವುದು ಶುಭ ಹಾರೈಕೆ.

ಕಾರ್ಖಾನೆಗಳನ್ನಷ್ಟೇ ಬೈದರೆ ಅನ್ಯಾಯವಾದೀತು. ನನ್ನ ಹಳೆಯ ಬಳಗವೂ ಕಡಿಮೆಯಿಲ್ಲ. ಜೀವನವಿಡೀ ಬ್ಯಾಂಕಿನ ಕೌಂಟರಿನ ಒಳಬದಿಯಲ್ಲಿ ಕೂತವನು ಎಂಬ ಹಕ್ಕಿನಿಂದ ಹೇಳುತ್ತಿದ್ದೇನೆ. ಕೆನಡಾದಲ್ಲಿ ಕೈಯಲ್ಲಿ ಕೆಲಸವಿಲ್ಲದೆ ಇಳಿಯುವವರು ಖರ್ಚಿಗೆ ಹಣವಿದೆಯೆಂದು ತೋರಿಸಬೇಕು. 2025ರ ಜುಲೈನಲ್ಲಿ ಪರಿಷ್ಕರಿಸಿದಂತೆ ಒಬ್ಬರಿಗೆ 15,263 ಕೆನಡಾ ಡಾಲರ್. ಅದಕ್ಕೆ ಬ್ಯಾಂಕಿನ ಪತ್ರದಲ್ಲಿ ಖಾತೆ ತೆರೆದ ದಿನಾಂಕ, ಈಗಿನ ಬಾಕಿ, ಆರು ತಿಂಗಳ ಸರಾಸರಿ ಬಾಕಿ, ಸಾಲವಿದ್ದರೆ ಅದು, ಎಲ್ಲವೂ ಇರಬೇಕು. ನನ್ನ ತಮ್ಮ ಅವಳ ಖಾತೆಗೆ ಹಾಕಿದ ಹಣಕ್ಕೆ ದಾನಪತ್ರವನ್ನೂ ಮಾಡಿಸಿದ್ದೇವೆ, ಸಾಲ ತಂದ ಹಣ ನಡೆಯದು. ಬ್ಯಾಂಕಿನವರು ಕೊಟ್ಟದ್ದು ಮಾತ್ರ ಇಂದಿನ ಬಾಕಿ ಇಷ್ಟು ಎಂಬ ಒಂದು ಸಾಲು. ಸರಾಸರಿ ಬಾಕಿ ಕಂಪ್ಯೂಟರಿನಲ್ಲೇ ಇದೆ, ತೆಗೆದು ಬರೆಯಲು ಹತ್ತು ನಿಮಿಷ ಬೇಡ. ನಾನು ಹೋಗಿ ಹಳೆಯ ಸಲಿಗೆಯಿಂದ ಗದರಿದ ಮೇಲೆ ಬರೆದುಕೊಟ್ಟರು. ದೊಡ್ಡಪ್ಪ ಬ್ಯಾಂಕಿನಲ್ಲಿ ಇರದ ಮಕ್ಕಳು ಏನು ಮಾಡಬೇಕು?

ಅವರು ಏನು ಮಾಡುತ್ತಾರೆಂದು ನನಗೆ ಗೊತ್ತು. ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿ ಮೆಟ್ಟಿಲು ಹತ್ತಿ ಹೋದರೆ ಒಬ್ಬ ಏಜೆಂಟ್ ಸಿಗುತ್ತಾನೆ, ಯಾವ ಕಂಪನಿಯ ಲೆಟರ್‌ಹೆಡ್ ಬೇಕು ಎಂದು ಕೇಳುತ್ತಾನೆ. ನಮಗೂ ಒಬ್ಬ ಹಿತೈಷಿ ಈ ಸಲಹೆ ಕೊಟ್ಟರು, “ಎಲ್ಲರೂ ಮಾಡಿಸ್ತಾರೆ ಬಿಡಿ” ಎಂದರು. ಕೆನಡಾದ ವಲಸೆ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಸುಳ್ಳು ಮಾಹಿತಿ ಕೊಟ್ಟವರಿಗೆ ಐದು ವರ್ಷ ಬಾಗಿಲು ಮುಚ್ಚುತ್ತದೆ. ಸಿಕ್ಕಿಬಿದ್ದಾಗ ಆ ಏಜೆಂಟ್ ಪಕ್ಕದಲ್ಲಿ ನಿಲ್ಲುವುದಿಲ್ಲ. ಹಣ ಪಡೆದು ಇಂಥ ಸಲಹೆ ಕೊಡಲು ಅಲ್ಲಿ ಪರವಾನಗಿ ಪಡೆದ ಸಲಹೆಗಾರರಿಗೆ, ವಕೀಲರಿಗೆ ಮಾತ್ರ ಅವಕಾಶವಿದೆ ಎಂಬುದೂ ಬಹಳ ಮಂದಿಗೆ ಗೊತ್ತಿಲ್ಲ. ಸುಳ್ಳಿನ ವ್ಯಾಪಾರ ಹೆಚ್ಚಿದರೆ ನಿಜ ಹೇಳುವವರಿಗೂ ಏಟು ಬೀಳುತ್ತದೆ: ಉದ್ಯೋಗದ ಆಹ್ವಾನವಿದ್ದವರಿಗೆ ಸಿಗುತ್ತಿದ್ದ 50 ಅಥವಾ 200 ಅಂಕಗಳನ್ನು 2025ರ ಮಾರ್ಚ್ 25ರಂದು ತೆಗೆದುಹಾಕಿದ್ದಕ್ಕೆ ಆ ಸರ್ಕಾರ ಕೊಟ್ಟ ಕಾರಣವೇ ಅದರ ಹೆಸರಿನಲ್ಲಿ ನಡೆಯುತ್ತಿದ್ದ ವಂಚನೆ.

ನನ್ನ ಸಿಟ್ಟಿನ ಬುಡ ಇದು. ಸುಳ್ಳು ಪತ್ರದ ಅಂಗಡಿ ತೆರೆದವನು ಏಜೆಂಟ್ ಇರಬಹುದು, ಅವನಿಗೆ ಗಿರಾಕಿಗಳನ್ನು ಕಳಿಸುತ್ತಿರುವುದು ನಿಜವಾದ ಪತ್ರ ಕೊಡಲು ಒಲ್ಲದ ಈ ಕಚೇರಿಗಳು. ಸುಳ್ಳು ಅನುಭವಕ್ಕೆ ಎರಡು ಪುಟದ ಸೊಗಸಾದ ಪತ್ರ ಸಿಗುತ್ತದೆ, ನಿಜವಾಗಿ ದುಡಿದವಳಿಗೆ ಮೂರು ಸಾಲು.

ಈ ಮಾತು ಬರೆಯುವಾಗಲೇ ಕೆಲವರ ಕಾಮೆಂಟು ನನ್ನ ಕಿವಿಗೆ ಬೀಳುತ್ತಿದೆ. ನಮ್ಮ ನೆಲದ ನೀರು ಕುಡಿದು, ಇಲ್ಲಿ ಓದಿ, ಹೊರದೇಶಕ್ಕೆ ದುಡಿಯಲು ಹೋಗುವವರಿಗೆ ಕಂಪನಿ ಏಕೆ ಸಹಾಯ ಮಾಡಬೇಕು ಎನ್ನುತ್ತೀರಿ. ಸ್ವಾಮಿ, ಅವಳು ಕೆಲಸ ಬಿಟ್ಟು ಎರಡು ವರ್ಷವಾಯಿತು. ಪತ್ರ ಕೊಡದಿದ್ದರೆ ಅವಳೇನು ಆ ಕಾರ್ಖಾನೆಗೆ ವಾಪಸ್ ಹೋಗುತ್ತಾಳೆಯೇ? ದೇಶಭಕ್ತಿಯ ಮಾತನ್ನು ಸಂಬಳ ಏರಿಸುವಾಗ ಯಾರೂ ಆಡುವುದಿಲ್ಲ, ಪತ್ರ ಕೇಳಿದಾಗ ಮಾತ್ರ ಆಡುತ್ತಾರೆ. ವಿವರ ಬರೆದರೆ ನಾಳೆ ಕೋರ್ಟು ಕಚೇರಿ ಅಲೆಯಬೇಕಾದೀತು ಎನ್ನುವ ಇನ್ನೊಂದು ವಾದವಿದೆ. ನಡೆದದ್ದನ್ನು ನಡೆದಂತೆ ಬರೆದು ಸಹಿ ಹಾಕಿದ್ದಕ್ಕೆ ಕೋರ್ಟು ಹತ್ತಿದವರನ್ನು ನನ್ನ ಇಡೀ ನೌಕರಿಯಲ್ಲಿ ನಾನು ಕಂಡಿಲ್ಲ.

ನಿಜ ಹೇಳಬೇಕೆಂದರೆ ಅವಳು ಹೋಗುವುದು ನನಗೆ ಒಂದಿಷ್ಟೂ ಇಷ್ಟವಿಲ್ಲ. ತಮ್ಮನಿಗೆ ಸಕ್ಕರೆ ಕಾಯಿಲೆ, ಅವಳ ಅಮ್ಮ ಮಾತಿಗೆ ಮುಂಚೆ ಅಳುತ್ತಾಳೆ, ಮಕ್ಕಳಿಲ್ಲದ ನಮ್ಮ ಮನೆಗೆ ಭಾನುವಾರ ಬಂದು ಗಲಾಟೆ ಮಾಡುವವಳು ಇವಳೊಬ್ಬಳೇ. ಈ ಪತ್ರ ಸಿಗದೆ ಹೋದರೆ ಅವಳು ಇಲ್ಲೇ ಉಳಿದಾಳು ಎಂಬ ಯೋಚನೆ ಇವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ನನಗೂ ಬಂತು. ಹಾಗಂತ ಅವಳು ದುಡಿದಿದ್ದು ಸುಳ್ಳಾಗಬೇಕೆ? ಬೇಡವೆಂದು ನಾನು ಅವಳ ಮುಖ ನೋಡಿ ಹೇಳಬಹುದು, ಅವಳು ಕೇಳಬಹುದು, ಕೇಳದಿರಬಹುದು. ಅದು ನಮ್ಮ ಮನೆಯ ಜಗಳ. ಅದರಲ್ಲಿ ನನ್ನ ಪರವಾಗಿ ಎಚ್‌.ಆರ್. ವಿಭಾಗ ವಾದಿಸುವುದು ಬೇಡ.

ಕರಡನ್ನು ನಾನೇ ತಯಾರಿಸಿದ್ದೇನೆ. ಒಂದೇ ಪುಟ, ವ್ಯಾಪಾರದ ಗುಟ್ಟಿಲ್ಲ, ಹೊಗಳಿಕೆಯಿಲ್ಲ, ಗ್ರಾಹಕರ ಹೆಸರಿಲ್ಲ. ವರ್ಗೀಕರಣದ ಪಟ್ಟಿಯ ವಾಕ್ಯಗಳನ್ನು ಎತ್ತಿ ಹಾಕಿಲ್ಲ, ಹಾಗೆ ಮಾಡಿದರೆ ಅಲ್ಲಿಯ ಅಧಿಕಾರಿಗೆ ಅನುಮಾನ ಬರುವುದು ಸಹಜ. ಅವಳು ಮಾಡಿದ ಕೆಲಸವನ್ನು ಅವಳ ಕಾರ್ಖಾನೆಯ ಮಾತಿನಲ್ಲೇ ಬರೆದಿದೆ. ನರಸಾಪುರ, ವೇಮಗಲ್, ಮಾಲೂರು ಕಡೆಯ ಎಚ್‌.ಆರ್. ಕಚೇರಿಗಳಲ್ಲಿರುವ ಗೆಳೆಯರು ಮೆಸೆಂಜರಿನಲ್ಲಿ ಕೇಳಿದರೆ ಕಳಿಸುತ್ತೇನೆ, ನಿಮ್ಮಲ್ಲಿ ದುಡಿದು ಬಿಟ್ಟ ಯಾರಾದರೂ ನಾಳೆ ಬಂದು ಕೇಳಿದಾಗ ಉಪಯೋಗಕ್ಕೆ ಬಂದೀತು. ವಕೀಲರಿಗೆ ತೋರಿಸಿಯೇ ಸಹಿ ಹಾಕುತ್ತೇವೆ ಎನ್ನುವವರೂ ಕೇಳಬಹುದು. ವಕೀಲರ ಫೀಸನ್ನು ಮಾತ್ರ ನೀವೇ ಕೊಟ್ಟುಕೊಳ್ಳಿ.