ಗಲ್ಲಿಗೆ ಆತುರ, ಕಡತಕ್ಕೆ 329 ವರ್ಷ

ಅಮೆರಿಕದ ಸೇಲಂನಲ್ಲಿ 1692ರಲ್ಲಿ ನಡೆದ ಮಾಟಗಾತಿ ವಿಚಾರಣೆಯ ಕುರಿತ ‘ದಿ ಕ್ರೂಸಿಬಲ್’ ಸಿನಿಮಾ ಬಂದದ್ದು 1996ರಲ್ಲಿ. ಮಾಟದ ಆರೋಪ ಹೊರಿಸಿದ, ಹನ್ನೊಂದೋ ಹನ್ನೆರಡೋ ವರ್ಷದ ಅಬಿಗೈಲ್‌ಳನ್ನು ಪ್ರಾಯಕ್ಕೆ ತಂದು, ಆ ಆರೋಪದಲ್ಲಿ ನೇಣಿಗೇರಿದ, ಅರವತ್ತರ ಆಸುಪಾಸಿನ ಜಾನ್ ಪ್ರಾಕ್ಟರ್‌ನ ವಯಸ್ಸು ಇಳಿಸಿ, ಇಬ್ಬರ ನಡುವೆ ಇಲ್ಲದ ಪ್ರಣಯ ಹೊಸೆದಿದ್ದಾರೆ ಎಂಬುದು ಇತಿಹಾಸ ಬಲ್ಲವರ ತಕರಾರು. ನಾಯಕನಟನಿಗೆ ವಯಸ್ಸಾಗುವುದಿಲ್ಲ ಎಂಬುದನ್ನು ಕನ್ನಡದ ಪ್ರೇಕ್ಷಕರಿಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನ ದೂರು ಬೇರೆ: ಸಿನಿಮಾ ನೇಣುಗಂಬದ ಹತ್ತಿರವೇ ಮುಗಿದುಬಿಡುತ್ತದೆ. ಕಡತದ ಕಥೆ ಶುರುವಾಗುವುದೇ ಅಲ್ಲಿಂದ.

ಆ ನ್ಯಾಯಾಲಯದ ತರ್ಕವನ್ನು ಮೊದಲು ಮೆಚ್ಚಿಕೊಳ್ಳೋಣ. ನಿಮ್ಮ ಛಾಯೆ ಬಂದು ಚಿವುಟಿತು ಎಂದು ಹುಡುಗಿಯೊಬ್ಬಳು ಕಿರುಚಿದರೆ ಅದು ಸಾಕ್ಷ್ಯ. ಆ ಹೊತ್ತಿನಲ್ಲಿ ಮನೆಯಲ್ಲೇ ಮಲಗಿದ್ದೆ ಎಂದರೆ ಪ್ರಯೋಜನವಿಲ್ಲ. ಮಲಗಿದ್ದದ್ದು ನೀವು, ಹೋದದ್ದು ಛಾಯೆ. ಹೌದು, ನಾನು ಮಾಟ ಮಾಡಿದ್ದೇನೆ ಎಂದು ಒಪ್ಪಿಕೊಂಡವರ ತಲೆ ಉಳಿಯಿತು. ಸುಳ್ಳು ಹೇಳಲಾರೆವು ಎಂದ 19 ಮಂದಿ ನೇಣಿಗೇರಿದರು. ರೆಬೆಕಾ ನರ್ಸ್ ಎಂಬ ವೃದ್ಧೆಯನ್ನು ಪಂಚರು ನಿರ್ದೋಷಿ ಎಂದಾಗ, ಇನ್ನೊಮ್ಮೆ ಯೋಚಿಸಿ ಎಂದು ಮುಖ್ಯ ನ್ಯಾಯಾಧೀಶರು ಹೇಳಿದರು. ಯೋಚಿಸಿದರು, ದೋಷಿಯಾದಳು. ಕೊನೆಗೆ ಗವರ್ನರರ ಹೆಂಡತಿಯ ಹೆಸರೂ ಕೇಳಿಬಂತು. ಛಾಯೆಯ ಸಾಕ್ಷ್ಯದಲ್ಲಿ ಲೋಪವಿದೆ ಎಂಬುದು ಗವರ್ನರರಿಗೆ ಅದೇ ಸುಮಾರಿಗೆ ಹೊಳೆಯಿತು.

ಜೈಲಿನ ಲೆಕ್ಕಪತ್ರ ಮಾತ್ರ ಚೊಕ್ಕಟ. ಊಟಕ್ಕೆ ಕೈದಿಯೇ ಹಣ ತೆರಬೇಕು. ಕಾಲಿಗೆ ಹಾಕಿದ ಸಂಕೋಲೆಗೂ ಅವಳದೇ ಖರ್ಚು. ಲಿಡಿಯಾ ಡಸ್ಟಿನ್ ಎಂಬಾಕೆ ಖುಲಾಸೆಯಾದಳು, ಆದರೆ ಜೈಲಿನ ಬಾಕಿ ಕಟ್ಟಲಾಗಲಿಲ್ಲ. 1693ರ ಮಾರ್ಚಿನಲ್ಲಿ, ನಿರಪರಾಧಿಯಾಗಿಯೇ, ಜೈಲಿನಲ್ಲಿ ಸತ್ತಳು.

ಇನ್ನು ಕಡತ. 1711ರಲ್ಲಿ ಕೆಲವರ ಶಿಕ್ಷೆ ರದ್ದಾಯಿತು. ಪಟ್ಟಿಯಲ್ಲಿ ಎಲಿಜಬೆತ್ ಜಾನ್ಸನ್ ಎಂಬ ಹೆಂಗಸಿನ ಹೆಸರಿರಲಿಲ್ಲ. 1693ರಲ್ಲಿ ಶಿಕ್ಷೆಯಾದಾಗ ಅವಳಿಗೆ 22 ವರ್ಷ; ಗವರ್ನರರು ನೇಣು ತಡೆದದ್ದರಿಂದ ಜೀವ ಉಳಿದಿತ್ತು. ನನ್ನ ಹೆಸರು ಬಿಟ್ಟುಹೋಗಿದೆ ಎಂದು 1712ರಲ್ಲಿ ತಾನೇ ಅರ್ಜಿ ಹಾಕಿದಳು. ಅರ್ಜಿ ಪರಿಶೀಲನೆಯಲ್ಲಿತ್ತು ಎಂದುಕೊಳ್ಳೋಣ. 1957ರಲ್ಲಿ ಸೇಲಂ ಇರುವ ಮ್ಯಾಸಚೂಸೆಟ್ಸ್ ರಾಜ್ಯದ ಸರ್ಕಾರ, ನೇಣಿಗೇರಿದ್ದ ಆ್ಯನ್ ಪುಡೀಟರ್ ‘ಮತ್ತು ಇತರ ಕೆಲವರನ್ನು’ ದೋಷಮುಕ್ತಗೊಳಿಸಿತು. ನೇಣು ಹಾಕುವಾಗ ಒಬ್ಬೊಬ್ಬರದೇ ಹೆಸರು ಕೂಗಿದವರಿಗೆ ಬಿಡುವಾಗ ‘ಇತರ ಕೆಲವರು’ ಎಂದರೆ ಸಾಕಾಯಿತು. ಆ ಇತರರಲ್ಲಿ ಐವರ ಹೆಸರು ಬರೆಯಲು 2001 ಬರಬೇಕಾಯಿತು. ಸಹಿ ಬಿದ್ದದ್ದು ಅಕ್ಟೋಬರ್ 31ರಂದು, ಮಕ್ಕಳು ದೆವ್ವದ ವೇಷ ಹಾಕಿ ಮಿಠಾಯಿ ಬೇಡುವ ಹ್ಯಾಲೋವೀನ್ ದಿನ. ಎಲಿಜಬೆತ್ ಆಗಲೂ ಬಾಕಿ.

ಎಂಟನೆಯ ತರಗತಿಯ ಮಕ್ಕಳು ಪಾಠದ ಭಾಗವಾಗಿ ಬೆನ್ನು ಹತ್ತಿದ ಮೇಲೆ 2022ರಲ್ಲಿ ಅವಳು ನಿರ್ದೋಷಿಯಾದಳು. ಅದಕ್ಕೊಂದು ಪ್ರತ್ಯೇಕ ಕಾಯ್ದೆ ಬಂತೆಂದುಕೊಳ್ಳಬೇಡಿ. ರಾಜ್ಯದ ಬಜೆಟ್ಟಿನೊಳಗೆ ತುರುಕಿದರು.

ಇಂದು ಸೇಲಂ ಪೊಲೀಸರ ಸಮವಸ್ತ್ರದ ತೋಳಿನ ಮೇಲೆ, ಪೊರಕೆ ಏರಿ ಹಾರುವ ಮಾಟಗಾತಿಯ ಲಾಂಛನವಿದೆ.